ಹಳೆಯದನ್ನು ಇನ್ನೊಮ್ಮೆ ಹಾಕಿ ನೋಡಿ

“ಚಾಲೂ ಆಗ್ತೈತ್ರಿ, ಆದ್ರ ನಿಲ್ಲಂಗಿಲ್ಲ.” ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಬರುವವರ ದೂರು ಬಾಗಲಕೋಟೆಯ ಕಡೆ ಹೆಚ್ಚಾಗಿ ಈ ಮಾತಿನಿಂದಲೇ ಶುರುವಾಗುತ್ತದೆ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ. ನಾಲ್ಕು ಸೆಕೆಂಡಿಗೋ ನಾಲ್ಕು ನಿಮಿಷಕ್ಕೋ ಎಲ್ಲವೂ ಬಂದ್. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಎಸ್‌ಎಂಪಿಎಸ್ ಹೋಗೇತಿ, ಬದ್ಲಿ ಮಾಡೂಣು.” ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬಿ, ಬದಲಾಗುತ್ತದೆ. ಅದರಿಂದ ಸರಿಹೋಗದಿದ್ದರೆ ರ‍್ಯಾಮ್, ಅದಾದ ಮೇಲೆ ಮದರ್‌ಬೋರ್ಡ್. ಯಾವುದೋ ಒಂದು ಹಂತದಲ್ಲಿ ಯಂತ್ರ ಬಂದ್ ಆಗದೆ ನಿಲ್ಲುತ್ತದೆ, ಹಣ ಕೈಬದಲಾಗುತ್ತದೆ, ಹಳೆಯ ಭಾಗಗಳು ಮೂಲೆ ಸೇರುತ್ತವೆ. ನಿಜವಾಗಿ ಕೆಟ್ಟಿದ್ದು ಯಾವುದು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ನಾವು ಎತ್ತಿಗೂ ಎಮ್ಮೆಗೂ ಬರೆ ಹಾಕಿ, ಜ್ವರ ಇಳಿಯಿತು ಎಂದು ಸಮಾಧಾನಪಡುತ್ತಿದ್ದೇವೆ. ಬಿಡಿಭಾಗ ಬದಲಿಸುವುದೇ ದುರಸ್ತಿಯಲ್ಲ, ದೋಷ ಎಲ್ಲಿದೆ ಎಂದು ಸಾಧಿಸಿ ತೋರಿಸುವುದು ದುರಸ್ತಿ. ಆ ವಿದ್ಯೆಯನ್ನು ಬಾಗಲಕೋಟೆಯ ಕಾಲೇಜುಗಳಿರುವ ವಿದ್ಯಾಗಿರಿಯಂಥ ಜಾಗದಲ್ಲಿ ಎಲ್ಲರ ಕಣ್ಣೆದುರು ಕಲಿಸಬೇಕು. ಈ ಲೇಖನದ ವಾದ ಇಷ್ಟೇ.

ಮನೆಯಲ್ಲಿ ಜೋಡಿಸಿದ ಕಂಪ್ಯೂಟರ್ ಒಂದೇ ಕಂಪನಿಯ ಯಂತ್ರವಲ್ಲ. ಪ್ರೊಸೆಸರ್ ಒಬ್ಬರದು, ಮದರ್‌ಬೋರ್ಡ್ ಇನ್ನೊಬ್ಬರದು, ಎಸ್‌ಎಂಪಿಎಸ್ ಮತ್ತೊಬ್ಬರದು. ಒಂದು ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಬಂದಿರುತ್ತದೆ, ಇನ್ನೊಂದು ಆನ್‌ಲೈನಿನಲ್ಲಿ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡ ಮದರ್‌ಬೋರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಒಂದಕ್ಕೊಂದು ಹೊಂದುವಂತೆ ಮಾಡಿತು. ಆದರೆ ಹೊಂದಿಸಿ ಕೂರಿಸುವ ಕೆಲಸ ಕೊಂಡವನದೇ. ಪ್ರತಿ ಭಾಗಕ್ಕೂ ವಾರಂಟಿ ಇದೆ, ಎರಡು ಭಾಗ ಕೂಡುವ ಜಾಗಕ್ಕೆ ವಾರಂಟಿ ಕೊಡುವವರು ಯಾರೂ ಇಲ್ಲ. ಇಳಕಲ್ ಸೀರೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಕೋದು ಸೇರಿಸುವ ಜಾಗವೇ ಕೊಂಡಿ. ಒಡಲೂ ಚೆನ್ನಾಗಿದ್ದು ಸೆರಗೂ ಚೆನ್ನಾಗಿದ್ದು ಕೊಂಡಿ ಸಡಿಲವಾದರೆ ಸೀರೆ ನಿಲ್ಲುವುದಿಲ್ಲ. ಜೋಡಿಸಿದ ಕಂಪ್ಯೂಟರಿನಲ್ಲೂ ಮೊದಲು ಕೈಯಿಟ್ಟು ನೋಡಬೇಕಾದದ್ದು ಕೊಂಡಿಗಳನ್ನು: ಪ್ರೊಸೆಸರಿಗೆ ವಿದ್ಯುತ್ ಒಯ್ಯುವ ಎಂಟು ಪಿನ್ನಿನ ಕನೆಕ್ಟರ್ ಕೊನೆಯವರೆಗೂ ಕೂತಿದೆಯೇ, 24 ಪಿನ್ನಿನದು ‘ಟಕ್’ ಎಂದು ಕಚ್ಚಿಕೊಂಡಿದೆಯೇ, ಕೂಲರಿನ ನಾಲ್ಕು ಮೂಲೆಗಳೂ ಸಮವಾಗಿ ಬಿಗಿದಿವೆಯೇ, ಮದರ್‌ಬೋರ್ಡಿನ ಅಡಿಯಲ್ಲಿ ರಂಧ್ರವಿಲ್ಲದ ಕಡೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಗುಬುಟು ಒಂದು ಉಳಿದು ಬೋರ್ಡಿನ ಬೆನ್ನಿಗೆ ತಾಗುತ್ತಿದೆಯೇ ಎಂದು.

ಭಾಗ ಬದಲಿಸುವ ರೂಢಿ ಯಾಕೆ ಇಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದಕ್ಕೂ ಉತ್ತರ ಈ ಕೊಂಡಿಗಳಲ್ಲೇ ಇದೆ. ಹೊಸ ಎಸ್‌ಎಂಪಿಎಸ್ ಹಾಕುವಾಗ ಕೆಲಸಗಾರ ಎಲ್ಲ ತಂತಿಗಳನ್ನೂ ಕಿತ್ತು ಮತ್ತೆ ಒತ್ತಿ ಕೂರಿಸುತ್ತಾನೆ. ದೋಷ ಸಡಿಲ ಕನೆಕ್ಟರಿನಲ್ಲಿದ್ದರೆ ಅದು ಅಲ್ಲೇ ವಾಸಿಯಾಯಿತು. ಕೀರ್ತಿ ಮಾತ್ರ ಹೊಸ ಎಸ್‌ಎಂಪಿಎಸ್‌ಗೆ, ಕಳಂಕ ಹಳೆಯದಕ್ಕೆ. ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಾಗ ಯಂತ್ರ ಎದ್ದು ಕೂರುವುದನ್ನು ನಮ್ಮ ಕಡೆಯ ಪ್ರತಿ ಕಂಪ್ಯೂಟರ್ ಲ್ಯಾಬೂ ಕಂಡಿದೆ. ಅಲ್ಲಿ ಯಾವ ಭಾಗವೂ ಹೊಸದಾಗಿರಲಿಲ್ಲ, ಕೂಡಿಕೆಯೊಂದೇ ಹೊಸದಾಗಿತ್ತು. ಹಾಗಾಗಿ ಹೊಸ ಭಾಗ ಹಾಕಿದ ಮೇಲೆ ಯಂತ್ರ ಬಂದ್ ಆಗದೆ ನಿಂತಿತು ಎಂಬುದು ಅರ್ಧ ಸಾಕ್ಷ್ಯ. ಹಳೆಯ ಭಾಗವನ್ನು ಅದೇ ಜಾಗದಲ್ಲಿ ಮತ್ತೆ ಹಾಕಿದಾಗ ದೋಷ ಮರಳಿ ಬಂದರೆ ಮಾತ್ರ ಉಳಿದರ್ಧ ಸಿಕ್ಕಿತು. ಈ ಎರಡನೆಯ ಪರೀಕ್ಷೆಗೆ ಬೇಕಾದದ್ದು ಕಾಲು ಗಂಟೆ. ಆ ಕಾಲು ಗಂಟೆಯನ್ನು ಯಾರೂ ಕೊಡದ ಕಾರಣ ಎಷ್ಟೋ ಒಳ್ಳೆಯ ಭಾಗಗಳು ಕೆಟ್ಟವು ಎನ್ನಿಸಿಕೊಂಡು ಗುಜರಿ ಸೇರುತ್ತಿವೆ.

ದೋಷ ಹುಡುಕಲು ದುಬಾರಿ ಉಪಕರಣ ಬೇಕು ಎಂಬ ನಂಬಿಕೆಯೂ ಸರಿಯಲ್ಲ. ಮೊದಲ ಉಪಕರಣ ಗೋಡೆಯ ಮೇಲಿನ ಗಡಿಯಾರ. ಯಂತ್ರ ಎಷ್ಟು ಹೊತ್ತಿಗೆ ಬಂದ್ ಆಗುತ್ತದೆ ಎಂಬುದೇ ಅರ್ಧ ಕಥೆ ಹೇಳುತ್ತದೆ. ಪ್ರತಿ ಸಲವೂ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಬಂದ್ ಆಗುವ ಯಂತ್ರವನ್ನು ತೆಗೆದುಕೊಳ್ಳಿ. ಪವರ್ ಗುಂಡಿಯನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಕಂಪ್ಯೂಟರ್ ಬಲವಂತವಾಗಿ ಆಫ್ ಆಗಬೇಕು ಎಂಬುದು ಅದರ ವಿನ್ಯಾಸದಲ್ಲೇ ಇರುವ ನಿಯಮ. ಕ್ಯಾಬಿನೆಟ್ಟಿನ ಮುಂಭಾಗದ ಗುಂಡಿ ಧೂಳಿಗೋ ಅಗ್ಗದ ಪ್ಲಾಸ್ಟಿಕ್ಕಿಗೋ ಸಿಕ್ಕಿ ಒಳಗೇ ಕಚ್ಚಿಕೊಂಡರೆ, ಮದರ್‌ಬೋರ್ಡಿನ ಪಾಲಿಗೆ ಯಾರೋ ಅದನ್ನು ಒತ್ತಿ ಹಿಡಿದೇ ಇದ್ದಾರೆ. ಅದು ವಿಧೇಯವಾಗಿ ಆಫ್ ಆಗುತ್ತದೆ. ಪರೀಕ್ಷೆ ಸುಲಭ. ಮದರ್‌ಬೋರ್ಡಿನ ಕೆಳಮೂಲೆಗೆ ಬಂದಿರುವ ಸಣ್ಣ ತಂತಿಗಳಲ್ಲಿ ಪವರ್ ಸ್ವಿಚ್ಚಿನದನ್ನು ಕಿತ್ತು, ಬರಿದಾದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಮ್ಮೆ ತಾಗಿಸಿ ತೆಗೆಯಬೇಕು. ಯಂತ್ರ ಚಾಲೂ ಆಗಿ ಬಂದ್ ಆಗದೆ ಉಳಿದರೆ ತಪ್ಪು ಕೆಲವೇ ರೂಪಾಯಿಯ ಗುಂಡಿಯದು. ಇಷ್ಟು ನೋಡದೆ ಸಾವಿರಾರು ರೂಪಾಯಿಯ ಎಸ್‌ಎಂಪಿಎಸ್ ಮಾರಿದರೆ ಅದನ್ನು ಮೋಸ ಎನ್ನಬೇಕಿಲ್ಲ, ಯೋಚಿಸದ ಕೆಲಸ ಎನ್ನಬೇಕು. ಕೊಂಡವನ ಜೇಬಿಗೆ ಎರಡರ ಭಾರವೂ ಒಂದೇ.

ಗಡಿಯಾರದ ಉಳಿದ ಸೂಚನೆಗಳೂ ಹೀಗೇ ಓದಲು ಬರುತ್ತವೆ. ಗುಂಡಿ ಒತ್ತಿದ ಕ್ಷಣವೇ ಫ್ಯಾನ್ ಒಂದು ಸುತ್ತು ಅಲುಗಿ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಆಗಿರಬಹುದು, ಎಸ್‌ಎಂಪಿಎಸ್ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿರಬಹುದು. ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನಿಂದ ತೆಗೆದು, ಅದು ಬಂದ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್ ಪಟ್ಟಿ ಇಷ್ಟರಿಂದಲೇ ಚಾಲೂ ಮಾಡಿ ನೋಡಬೇಕು. ಬಂದ್ ಆಗದೆ ನಡೆದರೆ ಒಂದೊಂದನ್ನೇ ಮರಳಿ ಸೇರಿಸುತ್ತ ಹೋಗಬೇಕು. ಅರ್ಧ ನಿಮಿಷದಿಂದ ಕೆಲವು ನಿಮಿಷದೊಳಗೆ ಬಂದ್ ಆದರೆ ಗುಮಾನಿ ಶಾಖದ ಮೇಲೆ: ಕೂಲರಿನ ಅಡಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೇ ಕೂರಿಸಿರಬಹುದು, ಒಂದು ಮೂಲೆ ಎದ್ದಿರಬಹುದು. ಸುಮ್ಮನಿದ್ದಾಗ ದಿನವಿಡೀ ನಡೆದು ಆಟ ಶುರು ಮಾಡಿದೊಡನೆ ಸತ್ತರೆ ಗ್ರಾಫಿಕ್ಸ್ ಕಾರ್ಡಿನ ದಾಹವನ್ನು ಎಸ್‌ಎಂಪಿಎಸ್ ತೀರಿಸಲಾರದೆ ಹೋಗಿರಬಹುದು. ಈಚಿನ ಕಾರ್ಡುಗಳು ಕಣ್ಣು ಮಿಟುಕಿಸುವುದರೊಳಗೆ ಎಷ್ಟು ವಿದ್ಯುತ್ ಎಳೆಯುತ್ತವೆ ಎಂದರೆ, 2022ರ ಎಟಿಎಕ್ಸ್ 3.0 ಮಾನದಂಡ ತನ್ನ ಸಾಮರ್ಥ್ಯದ ಇಮ್ಮಡಿ ಸೆಳೆತವನ್ನು 100 ಮೈಕ್ರೊಸೆಕೆಂಡಿನ ಮಟ್ಟಿಗೆ ತಾಳಿಕೊಳ್ಳಬೇಕು ಎಂದು ಎಸ್‌ಎಂಪಿಎಸ್‌ಗೆ ವಿಧಿಸಿದೆ. ಇನ್ನು ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಯಂತ್ರ ಮೊದಲ ಸಲ ತಾನೇ ಒಂದೆರಡು ಬಾರಿ ಆಫ್ ಆಗಿ ಆನ್ ಆಗಬಹುದು, ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ರ‍್ಯಾಮ್ ಜೊತೆ ಹೊಂದಿಕೊಳ್ಳಲು ಮದರ್‌ಬೋರ್ಡ್ ತೆಗೆದುಕೊಳ್ಳುವ ಸಮಯ ಅದು. ಅದನ್ನೇ ರೋಗವೆಂದು ತಿಳಿದು ನಡುವೆ ಪ್ಲಗ್ ಕೀಳುವವರು ಇಲ್ಲದ ರೋಗವನ್ನು ತಂದುಕೊಳ್ಳುತ್ತಾರೆ. ಇಷ್ಟೂ ಸಂದರ್ಭಗಳಲ್ಲಿ ಗಿರಾಕಿ ಹೇಳುವ ಮಾತು ಒಂದೇ, ‘ನಿಲ್ಲಂಗಿಲ್ಲ’. ಕಾರಣ ಒಂದೊಂದರದು ಒಂದೊಂದು. ಹಾಗಿರುವಾಗ ಎಲ್ಲಕ್ಕೂ ಒಂದೇ ಮದ್ದು ಹೇಗಾದೀತು?

ಗಡಿಯಾರದ ಜೊತೆಗೆ ಊರನ್ನೂ ಓದಬೇಕು. ತಂಪು ದೇಶಗಳಲ್ಲಿ ಕೂತವರು ಬರೆದ ಸಲಹೆಗಳನ್ನು ನಮ್ಮ ಹುಡುಗರು ಇಂಟರ್ನೆಟ್ಟಿನಲ್ಲಿ ಓದುತ್ತಾರೆ, ಆದರೆ ಯಂತ್ರ ಇರುವುದು ಬಾಗಲಕೋಟೆಯ ಏಪ್ರಿಲಿನಲ್ಲಿ. ಕೂಲರ್ ಎಂಬುದು ಪ್ರೊಸೆಸರನ್ನು ತಂಪಾಗಿಡುವ ಮಂತ್ರವಲ್ಲ. ಕೋಣೆಯ ಗಾಳಿಗಿಂತ ಅದು ಇಷ್ಟೇ ಡಿಗ್ರಿ ಹೆಚ್ಚು ಬಿಸಿಯಾಗಿರುವಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಆ ವ್ಯತ್ಯಾಸ 60 ಡಿಗ್ರಿ ಎಂದಿಟ್ಟುಕೊಳ್ಳೋಣ. 25 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 85 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ. ತಗಡಿನ ಮಾಡಿನ ಕೆಳಗೆ, ಮಧ್ಯಾಹ್ನದ 40 ಡಿಗ್ರಿಯಲ್ಲಿ, ಅದೇ ಯಂತ್ರ 100 ಡಿಗ್ರಿಗೆ ಮುಟ್ಟುತ್ತದೆ; ಹೆಚ್ಚಿನ ಪ್ರೊಸೆಸರುಗಳ ಮಿತಿ ಅದರ ಆಸುಪಾಸಿನಲ್ಲೇ ಇದೆ. ಆಗ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ವಿದ್ಯುತ್ ಕಡಿದುಕೊಳ್ಳುತ್ತದೆ. ಯಾವ ಭಾಗವೂ ಕೆಟ್ಟಿಲ್ಲ, ಋತು ಬದಲಾಗಿದೆ. ಇದಕ್ಕೆ ಧೂಳನ್ನು ಕೂಡಿಸಿ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಗಳ ಹತ್ತಿರದ ಕಲ್ಲಿನ ಪುಡಿ, ಮಗ್ಗವಿರುವ ಮನೆಗಳಲ್ಲಿ ಗಾಳಿಯಲ್ಲಿ ತೇಲುವ ನೂಲಿನ ನವಿರು, ಊರ ಹೊರಗಿನ ಎರೆಹೊಲದ ಮಣ್ಣು, ಎಲ್ಲವೂ ಕೂಲರಿನ ತೆಳುವಾದ ಅಲ್ಯೂಮಿನಿಯಂ ಎಲೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಫ್ಯಾನ್ ತಿರುಗುತ್ತಿರುವುದರಿಂದ ಮೇಲ್ನೋಟಕ್ಕೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ. ಫ್ಯಾನ್ ತೆಗೆದು ನೋಡಿದಾಗಲೇ ಅದರ ಕೆಳಗೆ ಗಾಳಿ ಹೋಗಲು ದಾರಿಯೇ ಇಲ್ಲದ್ದು ತಿಳಿಯುತ್ತದೆ. ಆ ಕೆಲಸಕ್ಕೆ ಒಂದು ಬ್ರಶ್ ಸಾಕು.

ಊರಿನ ಇನ್ನೊಂದು ಸಂಗತಿ ಇನ್ವರ್ಟರ್. ಕರೆಂಟ್ ಹೋದಾಗ ಟ್ಯೂಬ್‌ಲೈಟ್, ಫ್ಯಾನ್ ಎಲ್ಲ ಇನ್ವರ್ಟರ್ ಮೇಲೆ ನಡೆಯುತ್ತವೆ, ಕಂಪ್ಯೂಟರ್ ಮಾತ್ರ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಆಗಲೂ ದೂರು ಎಸ್‌ಎಂಪಿಎಸ್ ಮೇಲೆಯೇ. ಲೆಕ್ಕ ಹೀಗಿದೆ. ಹೊರಗಿನ ವಿದ್ಯುತ್ ಕಡಿದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಸಂಗ್ರಹದಿಂದ ಯಂತ್ರವನ್ನು 16–17 ಮಿಲಿಸೆಕೆಂಡಿನ ಮಟ್ಟಿಗೆ ಹಿಡಿದಿಡಬೇಕು ಎಂದು ಮಾನದಂಡ ಕೇಳುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಪೂರ್ತಿ ಆವರ್ತನೆಗೇ 20 ಮಿಲಿಸೆಕೆಂಡು ಬೇಕು. ಯುಪಿಎಸ್ ಮೋಡಿನಲ್ಲಿಟ್ಟ ಇನ್ವರ್ಟರ್ ಸುಮಾರು 10 ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಹೊರಳುತ್ತದೆ, ಸಾಮಾನ್ಯ ಮೋಡಿನಲ್ಲಿಟ್ಟದ್ದು ಅದರ ಎರಡು ಮೂರು ಪಟ್ಟು ಸಮಯ ತೆಗೆದುಕೊಳ್ಳಬಹುದು. ಫ್ಯಾನಿಗೆ ಆ ಅಂತರ ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಅಷ್ಟರಲ್ಲಿ ಜೀವ ಹೋಗಿರುತ್ತದೆ. ಅನೇಕ ಇನ್ವರ್ಟರುಗಳ ಹಿಂಬದಿಯಲ್ಲೇ ಈ ಮೋಡ್ ಬದಲಿಸುವ ಸಣ್ಣ ಸ್ವಿಚ್ ಇದೆ. ಎಸ್‌ಎಂಪಿಎಸ್ ಮೂರು ಸಲ ಬದಲಿಸಿದರೂ ಹೋಗದ ದೋಷ ಆ ಸ್ವಿಚ್ಚನ್ನು ಒಮ್ಮೆ ಸರಿಸಿದರೆ ಹೋಗಬಹುದು. ಗೋಡೆಯಿಂದ ಶುರು ಮಾಡಿ ಒಳಕ್ಕೆ ಬರಬೇಕು ಎಂದು ಬಲ್ಲವರು ಹೇಳುವುದು ಈ ಕಾರಣಕ್ಕೆ. ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆಯನ್ನು ನಂಬಿ ಕೂರುವುದೂ ಸಾಲದು. ವಿಂಡೋಸಿನ ‘ಕರ್ನಲ್-ಪವರ್ 41’ ಎಂಬ ನಮೂದನ್ನು ಕಂಡವರು ಕಾರಣ ಸಿಕ್ಕಿತು ಎಂದುಕೊಳ್ಳುತ್ತಾರೆ. ಯಂತ್ರ ಸರಿಯಾದ ಕ್ರಮದಲ್ಲಿ ಆಫ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಸತ್ತದ್ದು ನಿಜ ಎಂದು ಅದು ಹೇಳುತ್ತದೆ, ಸತ್ತದ್ದು ಯಾಕೆಂದು ಹೇಳುವುದಿಲ್ಲ.

ಎಸ್‌ಎಂಪಿಎಸ್ ಮೇಲಿನ ಗುಮಾನಿ ಪೂರ್ತಿ ಹುಸಿ ಎಂದು ಇದರ ಅರ್ಥವಲ್ಲ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಶಾಖ 10 ಡಿಗ್ರಿ ಏರಿದಂತೆಲ್ಲ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಬಿಸಿಲ ನಾಡಿನಲ್ಲಿ ಅವು ಬೇಗ ಸೋಲುವುದು ಸಹಜ. 2000ರ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನಾದ್ಯಂತ ಮದರ್‌ಬೋರ್ಡುಗಳೂ ಎಸ್‌ಎಂಪಿಎಸ್‌ಗಳೂ ರಾಶಿರಾಶಿಯಾಗಿ ಕೆಟ್ಟವು. ಆಗ ಕಾರಣ ಹೊರಬಂದದ್ದು ಯಾರೋ ಮುಚ್ಚಳ ತೆಗೆದು, ಕೆಪಾಸಿಟರುಗಳ ತಲೆ ಉಬ್ಬಿ ದ್ರವ ಒಸರುತ್ತಿರುವುದನ್ನು ಕಣ್ಣಾರೆ ನೋಡಿದ್ದರಿಂದ. ಹಾಗಾಗಿ ಎಸ್‌ಎಂಪಿಎಸ್‌ಅನ್ನು ಅನುಮಾನಿಸಲಿ, ಆದರೆ ವಿಚಾರಣೆ ನಡೆಸಿ ತೀರ್ಪು ಕೊಡಲಿ. ಪ್ಲಗ್ ಕಿತ್ತ ಸ್ಥಿತಿಯಲ್ಲಿ 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಯನ್ನು, ಅಂದರೆ 16ನೇ ಪಿನ್ನನ್ನು, ಪಕ್ಕದ ಕಪ್ಪು ತಂತಿಗೆ ಸೇರಿಸಿ ನಂತರ ಕರೆಂಟ್ ಕೊಟ್ಟರೆ ಮದರ್‌ಬೋರ್ಡಿಲ್ಲದೆಯೂ ಎಸ್‌ಎಂಪಿಎಸ್ ಚಾಲೂ ಆಗುತ್ತದೆ. ಅದರ ಫ್ಯಾನ್ ತಿರುಗಿತು ಎಂದು ತೃಪ್ತಿಪಡುವುದೂ ತಪ್ಪು; ಹೊರೆಯಿಲ್ಲದ ಎತ್ತು ನಡೆದರೆ ಅದು ಗಾಡಿ ಎಳೆದೀತು ಎಂದು ಹೇಳಲಾಗದು. ಯಂತ್ರಕ್ಕೆ ಜೋಡಿಸಿ, ಅದಕ್ಕೆ ಕೆಲಸ ಕೊಟ್ಟು, 12 ವೋಲ್ಟಿನ ತಂತಿಯಲ್ಲಿ ಮಲ್ಟಿಮೀಟರ್ 11.4ರಿಂದ 12.6ರ ನಡುವೆ ನಿಲ್ಲುತ್ತದೆಯೇ ಎಂದು ನೋಡಬೇಕು. ಅದಕ್ಕಿಂತ ಕೆಳಗೆ ಕುಸಿದರೆ ಎಸ್‌ಎಂಪಿಎಸ್ ಬದಲಿಸಲು ಕಾರಣ ಸಿಕ್ಕಿತು.

ಇದಕ್ಕೆ ಅಂಗಡಿಯವರ ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಒಂದು ಯಂತ್ರದ ಮುಂದೆ ಎರಡು ಗಂಟೆ ಕೂತು ತಪ್ಪು ಗುಂಡಿಯದು ಎಂದು ಕಂಡುಹಿಡಿದರೆ ಅವರಿಗೆ ಸಿಗುವುದೇನು? ‘ಗುಂಡಿ ಸರಿ ಮಾಡಾಕ ಇಷ್ಟ್ ರೊಕ್ಕಾನ?’ ಎಂಬ ಮಾತು. ಹೊಸ ಭಾಗ ಮಾರಿದರೆ ಲಾಭ, ಹಳೆಯದನ್ನು ಉಳಿಸಿಕೊಟ್ಟರೆ ನಷ್ಟ ಎಂಬ ಲೆಕ್ಕವನ್ನು ಅವರ ಮುಂದಿಟ್ಟವರು ನಾವೇ. ಡಾಕ್ಟರು ಔಷಧಿ ಬರೆಯದಿದ್ದರೂ ನೋಡಿದ್ದಕ್ಕೆ ಫೀ ಕೊಡುತ್ತೇವೆ. ಯಂತ್ರ ನೋಡಿದವರ ಬುದ್ಧಿಗೆ ಬೆಲೆ ಕೊಡಲು ಮಾತ್ರ ಕೈ ಹಿಂದಾಗುತ್ತದೆ. ಹೀಗಾಗಿ ಬದಲಾವಣೆ ಗಿರಾಕಿಯ ಕಡೆಯಿಂದಲೂ ಬರಬೇಕು. ಪರೀಕ್ಷೆಗೆ ಪ್ರತ್ಯೇಕ ಶುಲ್ಕ ಇರಲಿ, ಏನು ಪರೀಕ್ಷಿಸಿದರು, ಏನು ಕಂಡಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಡಲಿ. ಇನ್ನು ಕೆಲವರ ವಾದ, ಯಾವಾಗಲೋ ಒಮ್ಮೆ ಕಾಣಿಸಿಕೊಂಡು ಮಾಯವಾಗುವ ದೋಷಕ್ಕೆ ಭಾಗ ಬದಲಿಸಿ ನೋಡುವುದೊಂದೇ ಪರೀಕ್ಷೆ ಎಂದು. ಇದನ್ನು ಒಪ್ಪಲೇಬೇಕು. ಆದರೆ ಪರೀಕ್ಷೆಗಾಗಿ ಬದಲಿಸುವುದು ಬೇರೆ, ಮಾರುವುದಕ್ಕಾಗಿ ಬದಲಿಸುವುದು ಬೇರೆ. ಸರಿಯಿದೆ ಎಂದು ಖಚಿತವಾಗಿ ಗೊತ್ತಿರುವ ಅಂಗಡಿಯದೇ ಒಂದು ಭಾಗವನ್ನು ಹಾಕಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಕೊನೆಗೆ ಹಳೆಯದನ್ನು ಮರಳಿ ಹಾಕಿ ದೋಷವನ್ನು ತೋರಿಸಿದರೆ ಅದು ಪರೀಕ್ಷೆ. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿ ಬಿಲ್ ಬರೆದರೆ ಅದು ಬರೀ ವ್ಯಾಪಾರ.

ವಿದ್ಯುತ್ತಿನ ಜೊತೆ ಮನೆಯ ಮಕ್ಕಳು ಆಟವಾಡಬೇಕೇ ಎಂಬ ತಂದೆತಾಯಿಯ ಭಯವೂ ನ್ಯಾಯವಾದದ್ದೇ. ಅದಕ್ಕೆ ಉತ್ತರ ಒಂದು ಸ್ಪಷ್ಟ ಗೆರೆ. ಕ್ಯಾಬಿನೆಟ್ಟಿನೊಳಗೆ ಎಸ್‌ಎಂಪಿಎಸ್ ಡಬ್ಬಿಯ ಹೊರಗೆ ಇರುವುದೆಲ್ಲ 12 ವೋಲ್ಟ್ ಮತ್ತು ಅದಕ್ಕಿಂತ ಕಡಿಮೆ. ಪ್ಲಗ್ ಕಿತ್ತು ಅಲ್ಲಿ ಕೈಯಾಡಿಸಬಹುದು. ಎಸ್‌ಎಂಪಿಎಸ್ ಡಬ್ಬಿಯೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್, ಕೆಲವು ಮಾದರಿಗಳಲ್ಲಿ 400ರ ಹತ್ತಿರ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಆ ಡಬ್ಬಿಯ ಸ್ಕ್ರೂ ಬಿಚ್ಚುವುದು ಮನೆಯ ಕೆಲಸವಲ್ಲ. ನಿಜವಾದ ಅಪಾಯ ಬಹಳ ಮನೆಗಳಲ್ಲಿ ಗೋಡೆಯಲ್ಲೇ ಇದೆ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ಥಿಂಗ್ ಇಲ್ಲ ಎಂದೇ ತಿಳಿಯಬೇಕು. ಕಲ್ಲುನೆಲದಲ್ಲಿ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ, ಅರ್ಥಿಂಗ್ ಗುಂಡಿಗೆ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ ಉಳಿಯುತ್ತದೆ. ದೋಷ ಹುಡುಕಲು ಕಲಿತ ಹುಡುಗಿಯೊಬ್ಬಳು ಮೊದಲು ಈ ಜುಮ್ಮನ್ನು ಗುರುತಿಸುತ್ತಾಳೆ. ಕಲಿಯದವರು ಚಪ್ಪಲಿ ಹಾಕಿಕೊಂಡು ಕಂಪ್ಯೂಟರ್ ಮುಟ್ಟುತ್ತಾರೆ, ಅಪಾಯ ಹಾಗೇ ಉಳಿಯುತ್ತದೆ.

ಲ್ಯಾಪ್‌ಟಾಪಿನ, ಮೊಬೈಲಿನ ಕಾಲದಲ್ಲಿ ಡೆಸ್ಕ್‌ಟಾಪಿನ ಚಿಂತೆ ಯಾಕೆ ಎಂಬುದು ಕೊನೆಯ ಆಕ್ಷೇಪ. ಅಂಟು ಹಾಕಿ ಮುಚ್ಚಿದ ಯಂತ್ರಗಳು ಹೆಚ್ಚಿದಷ್ಟೂ, ಒಂದೊಂದೇ ಕೊಂಡಿ ಬಿಚ್ಚಿ ನೋಡಲು ಬರುವ ಈ ಡಬ್ಬಿಯ ಬೆಲೆ ಹೆಚ್ಚುತ್ತದೆ; ಕಾರಣ ಮತ್ತು ಪರಿಣಾಮದ ಪಾಠವನ್ನು ಕೈಯಾರೆ ಕಲಿಸಲು ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಇಲ್ಲ. ಪಂಪ್‌ಸೆಟ್ಟಿಗೂ ಮಗ್ಗದ ಮೋಟರಿಗೂ ಆಸ್ಪತ್ರೆಯ ಉಪಕರಣಕ್ಕೂ ಹೊಂದುವ ಕ್ರಮ ಇದೇ. ನಷ್ಟದ ಲೆಕ್ಕವೂ ಸಣ್ಣದಲ್ಲ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ; ಹೆಚ್ಚು ಇ-ತ್ಯಾಜ್ಯ ಹುಟ್ಟಿಸುವ ದೇಶಗಳ ಸಾಲಿನಲ್ಲಿ ಚೀನಾ, ಅಮೆರಿಕದ ನಂತರ ಭಾರತವಿದೆ. ಕೇಂದ್ರ ಸರ್ಕಾರ ಡಿಸೆಂಬರ್ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು, ಹೊಸ ಇ-ತ್ಯಾಜ್ಯ ನಿಯಮಗಳು ಏಪ್ರಿಲ್ 2023ರಿಂದ ಜಾರಿಯಲ್ಲಿವೆ. ಆದರೆ ದೋಷ ಹುಡುಕಬಲ್ಲ ಕೈಗಳಿಲ್ಲದಿದ್ದರೆ ದುರಸ್ತಿಯ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ.

ಆ ಕೈಗಳನ್ನು ತಯಾರು ಮಾಡಲು ವಿದ್ಯಾಗಿರಿಗಿಂತ ತಕ್ಕ ಜಾಗ ಈ ಭಾಗದಲ್ಲಿ ಯಾವುದಿದೆ? 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1963ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದದ್ದು ಈ ಭಾಗದ ಮಕ್ಕಳ ಕೈಗೆ ಯಂತ್ರವಿದ್ಯೆ ಸಿಗಲಿ ಎಂದು. ಇಲ್ಲಿನ ಕಾಲೇಜುಗಳು ವಾರಕ್ಕೊಂದು ದಿನ ಒಂದು ಮೇಜನ್ನು ಜನರಿಗಾಗಿ ತೆರೆದಿಡಲಿ. ಅದರ ಮೇಲೆ ಒಂದು ಮಲ್ಟಿಮೀಟರ್, ಸರಿಯಿದೆ ಎಂದು ಖಚಿತವಾದ ಒಂದು ಎಸ್‌ಎಂಪಿಎಸ್, ಎರಡು ಮೂರು ಬಗೆಯ ರ‍್ಯಾಮ್, ಒಂದು ಬ್ರಶ್, ಒಂದು ರಟ್ಟಿನ ಡಬ್ಬಿ ಇದ್ದರೆ ಸಾಕು. ಬಾದಾಮಿಯಿಂದಲೋ ಹುನಗುಂದದಿಂದಲೋ ಇಳಕಲ್ಲಿನಿಂದಲೋ ಕಂಪ್ಯೂಟರ್ ತಂದವರ ಮುಂದೆಯೇ ವಿದ್ಯಾರ್ಥಿಗಳು ಗಡಿಯಾರ ನೋಡಿ, ಗೋಡೆಯಿಂದ ಒಳಕ್ಕೆ ಬಂದು, ದೋಷ ಹುಡುಕಿ ಬರೆದುಕೊಡಲಿ. ಭಾಗ ಮಾರುವ ಕೆಲಸ ಅಂಗಡಿಯವರದೇ ಇರಲಿ. ಚೀಟಿ ಹಿಡಿದು ಬಂದ ಗಿರಾಕಿಗೆ ಬೇಕಾದ ಭಾಗವನ್ನೇ ಕೊಡುವುದು ಅವರಿಗೂ ಹಗುರ, ಮರಳಿ ಬರುವ ಜಗಳಗಳೂ ಕಡಿಮೆ. ಅಂಥ ಮೇಜು ಬರುವವರೆಗೆ ಗಿರಾಕಿಯ ಕೈಯಲ್ಲಿ ಒಂದು ಪ್ರಶ್ನೆಯಾದರೂ ಇರಲಿ. ಹೊಸ ಭಾಗ ಹಾಕಿ ಯಂತ್ರ ಬಂದ್ ಆಗದೆ ನಿಂತಿತು, ಬಿಲ್ ಸಿದ್ಧವಾಯಿತು ಎಂದಾಗ ಜೇಬಿಗೆ ಕೈ ಹಾಕುವ ಮೊದಲು ಗೌರವದಿಂದಲೇ ಕೇಳೋಣ: “ಅಣ್ಣಾರ, ಹಳೇದನ್ನ ಇನ್ನೊಮ್ಮೆ ಹಾಕಿ ತೋರಸ್ರಿ.”